ಉಳಿದ ಹಾಲು ಎಲ್ಲಿಗೆ ಹೋಗುತ್ತೆ ಅಂತ ನಾನು ಕೇಳಲೇ ಇಲ್ಲ

ಸಂದರ್ಶನಕ್ಕೆ ಉಳಿದ ಮೂರು ವಾರದಲ್ಲಿ, ವ್ಯಾಪಾರದ ಸಮಸ್ಯೆ ಬಿಡಿಸೋಕೆ ಬಳಸುವ ಯಾವ ಯಾವ ಫ್ರೇಮ್‌ವರ್ಕ್ ಬಾಯಿಪಾಠ ಮಾಡಲಿ, ಕೋಚಿಂಗ್ ಸೇರಲಾ, ಈ ಇಂಗ್ಲಿಷ್ ಇಟ್ಟುಕೊಂಡು ಬೇರೆ ಕಂಪನಿಗಳಿಗೆ ಸಲಹೆ ಕೊಡುವ ದೊಡ್ಡ ಕನ್ಸಲ್ಟಿಂಗ್ ಕಂಪನಿಗೆ ಹೋಗೋಕಾಗುತ್ತಾ ಅಂತ ಕೇಳಿದ್ದೀರಿ. ಒಂಬತ್ತು ವರ್ಷದ ಹಿಂದೆ ಹಾಸ್ಟೆಲ್ ರೂಮಿನ ಗೋಡೆಗೆ ಹದಿನಾಲ್ಕು ಫ್ರೇಮ್‌ವರ್ಕ್ ಚೀಟಿ ಅಂಟಿಸಿಕೊಂಡು ಕೂತಿದ್ದವನು ನಾನು. ನಿಮ್ಮ ಪ್ರಶ್ನೆ ಓದಿ ಆ ಗೋಡೆ ಕಣ್ಣಮುಂದೆ ಬಂತು.

ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಒಂದಿಷ್ಟು ತೆಂಗು, ಮೂರು ಹಸು. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ. ಮೈಸೂರಲ್ಲಿ ಇಂಜಿನಿಯರಿಂಗ್, ಬೆಂಗಳೂರಲ್ಲಿ ಎರಡು ವರ್ಷ ಸಾಫ್ಟ್‌ವೇರ್ ಕೆಲಸ, ಆಮೇಲೆ ಕ್ಯಾಟ್ ಬರೆದು ಎಂಬಿಎ. ಕನ್ಸಲ್ಟಿಂಗ್ ಅಂದರೆ ಏನು ಅಂತ ತಿಳಿದದ್ದೇ ಅಲ್ಲಿಗೆ ಹೋದ ಮೇಲೆ.

ಒಂದು ದೊಡ್ಡ ಕನ್ಸಲ್ಟಿಂಗ್ ಕಂಪನಿಯವರು ಒಂದು ಪುಟದ ಸಿವಿ ನೋಡಿ ಶಾರ್ಟ್‌ಲಿಸ್ಟ್ ಮಾಡಿದರು. ಅದರಲ್ಲಿ ಹತ್ತನೇ ತರಗತಿಯ ಮಾರ್ಕ್ಸ್ ಕೂಡ ಇರಬೇಕಿತ್ತು. ಹೆಸರು ಬಂದವರಿಗೆಲ್ಲ ಆ ಕಂಪನಿಯವರೇ ಒಬ್ಬೊಬ್ಬ ‘ಬಡ್ಡಿ’ಯನ್ನು, ಅಂದರೆ ತಯಾರಿಗೆ ನೆರವಾಗುವ ಜೊತೆಗಾರರನ್ನು ಕೊಟ್ಟರು. ಅವರು ಫೋನಲ್ಲಿ ಕೇಸ್, ಅಂದರೆ ಬಿಡಿಸಬೇಕಾದ ಒಂದು ವ್ಯಾಪಾರದ ಸಮಸ್ಯೆ ಕೊಟ್ಟು ಅಭ್ಯಾಸ ಮಾಡಿಸುತ್ತಿದ್ದರು. ಸಂದರ್ಶನದ ದಿನ ಬೆಳಿಗ್ಗೆ ಎಂಟಕ್ಕೆ ಶುರು. ಮೊದಲ ಎರಡು ಸುತ್ತಿನಲ್ಲಿ ಸ್ವಲ್ಪ ಹೊತ್ತು ನಿಮ್ಮ ಬಗ್ಗೆ, ಉಳಿದದ್ದು ಕೇಸ್. ಅವು ದಾಟಿದರೆ ಪಾರ್ಟ್ನರ್, ಅಂದರೆ ಕಂಪನಿಯ ಹಿರಿಯ ಪಾಲುದಾರರ ಜೊತೆ ಕೊನೇ ಸುತ್ತು. ನಾನು ಎರಡನೇ ಸುತ್ತಿನಲ್ಲಿ ಬಿದ್ದೆ. ಕಂಪನಿಯ ಹೆಸರು ಬೇಡ, ಅವರ ತಪ್ಪು ಏನೂ ಇರಲಿಲ್ಲ.

ಕೇಸ್ ಇದು. ಒಂದು ಖಾಸಗಿ ಡೈರಿ. ದಿನದ ಲಾಭ ಹೋದ ವರ್ಷ 15 ಲಕ್ಷ ರೂಪಾಯಿ ಇದ್ದದ್ದು ಈ ವರ್ಷ 9 ಲಕ್ಷಕ್ಕೆ ಇಳಿದಿದೆ. ಯಾಕೆ?

ಹಾಲಿನ ಕೇಸ್ ಅಂದ ತಕ್ಷಣ ನನಗೆ ಖುಷಿಯಾಗಬೇಕಿತ್ತು. ಬೆಳಿಗ್ಗೆ ಆರಕ್ಕೆ ಕ್ಯಾನ್ ಹಿಡಿದು ಸೊಸೈಟಿ ಮುಂದೆ ಸಾಲಲ್ಲಿ ನಿಂತು ಬೆಳೆದವನು ನಾನು. ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಹಾಲಿನಲ್ಲಿರುವ ಘನಾಂಶ) ನೋಡಿ ರೇಟು ಹಾಕುವುದು, ಲ್ಯಾಕ್ಟೋಮೀಟರ್ ಬಿಟ್ಟು ನೀರು ಬೆರೆತಿದೆಯಾ ಅಂತ ನೋಡುವುದು, ವಾರದ ಬಟವಾಡೆ ಎಲ್ಲ ಗೊತ್ತಿತ್ತು. ಆದರೆ ಆ ಕ್ಷಣ ಅನ್ನಿಸಿದ್ದು ಬೇರೆ. ಊರಿನ ಮಾತು ಬಾಯಿಗೆ ಬಂದರೆ ಹಳ್ಳಿಯವನು ಅಂತ ಗೊತ್ತಾಗಿಬಿಡುತ್ತೆ, ಕೇಸ್‌ಬುಕ್ಕಿನ ಹಾಗೇ ಮಾತಾಡಬೇಕು. ಗೋಡೆಯ ಮೊದಲ ಚೀಟಿ ನೆನಪಾಯಿತು: ಲಾಭ ಅಂದರೆ ಆದಾಯ ಕಳೆ ವೆಚ್ಚ, ಆದಾಯ ಅಂದರೆ ಬೆಲೆ ಗುಣಿಸು ಪ್ರಮಾಣ.

"ಪ್ರಮಾಣ ಎಷ್ಟು?" ಅಂದೆ. "ಹೋದ ವರ್ಷ ದಿನಕ್ಕೆ 5 ಲಕ್ಷ ಲೀಟರ್ ಸಂಗ್ರಹ, ಈ ವರ್ಷ 6 ಲಕ್ಷ" ಅಂದರು ಎದುರಿಗಿದ್ದ ಮೇಡಂ. ರೈತರಿಗೆ ಲೀಟರಿಗೆ 32, ಸಂಸ್ಕರಣೆ ಸಾಗಾಟಕ್ಕೆ 6, ಮಾರುವುದು 42. ಎರಡು ವರ್ಷವೂ ಅದೇ ದರ.

ಅವರು ಹೇಳಿದ್ದು ಸಂಗ್ರಹ. ನಾನು ಬರೆದುಕೊಂಡದ್ದು ಮಾರಾಟ. ನನ್ನ ಇಡೀ ತಪ್ಪು ಈ ಒಂದು ಪದದಲ್ಲಿದೆ, ಅದಕ್ಕೇ ಬಿಡಿಸಿ ಹೇಳುತ್ತೇನೆ.

ಲೀಟರಿಗೆ 4 ರೂಪಾಯಿ ಉಳಿಯುತ್ತೆ ಅಂದುಕೊಂಡು ಲೆಕ್ಕ ಹಾಕಿದೆ: ಹೋದ ವರ್ಷ 20 ಲಕ್ಷ, ಈ ವರ್ಷ 24 ಲಕ್ಷ. ಅಂದರೆ ಲಾಭ ಏರಬೇಕು. ಆದರೆ ಅವರು 15ರಿಂದ 9ಕ್ಕೆ ಇಳಿದಿದೆ ಅಂದಿದ್ದಾರೆ. ಎರಡೂ ಒಟ್ಟಿಗೆ ನಿಜವಾಗಿರೋಕೆ ಸಾಧ್ಯವಿಲ್ಲ. ಅಲ್ಲೇ ನಿಂತು "ನನ್ನ ಲೆಕ್ಕ ನಿಮ್ಮ ಲೆಕ್ಕಕ್ಕೆ ಕೂಡ್ತಿಲ್ಲ, ನಾನು ಏನೋ ತಪ್ಪು ತಿಳ್ಕೊಂಡಿದ್ದೀನಿ" ಅಂದಿದ್ದರೆ ಸಾಕಿತ್ತು. ನಾನು ಹಾಗನ್ನದೆ ಎಲ್ಲೋ ಸ್ಥಿರ ವೆಚ್ಚ ಅಡಗಿದೆ ಅಂತ ತೀರ್ಮಾನಿಸಿ ಸಂಬಳ, ಕರೆಂಟು, ಜಾಹೀರಾತು, ಬಾಡಿಗೆ ಅಂತ ಹತ್ತು ಹನ್ನೆರಡು ನಿಮಿಷ ಕೇಳುತ್ತಾ ಹೋದೆ. ಎಲ್ಲದಕ್ಕೂ "ಬದಲಾವಣೆ ಇಲ್ಲ" ಅನ್ನೋ ಉತ್ತರ. ಕೊನೆಗೆ ಅವರೇ ಕೈಹಿಡಿದು ದಡಕ್ಕೆ ಎಳೆಯೋಕೆ ನೋಡಿದರು: "ಕೊಂಡ ಹಾಲನ್ನೆಲ್ಲ ಅವರು ಏನು ಮಾಡ್ತಾರೆ?"

"ಪ್ಯಾಕ್ ಮಾಡಿ ಮಾರ್ತಾರೆ" ಅಂದು ಮುಂದಿನ ಚೀಟಿಗೆ ಹೋದೆ.

ಉತ್ತರ ಏನು ಗೊತ್ತಾ? ಎರಡೂ ವರ್ಷ ಪ್ಯಾಕೆಟ್ಟಿನಲ್ಲಿ ಮಾರಾಟವಾದದ್ದು ನಾಲ್ಕೂವರೆ ಲಕ್ಷ ಲೀಟರ್ ಮಾತ್ರ. ತಂದ ಹಾಲನ್ನೆಲ್ಲ ಕೊಳ್ಳುತ್ತೇವೆ ಅಂತ ರೈತರಿಗೆ ಮಾತು ಕೊಟ್ಟಿದ್ದರು. ಉಳಿದದ್ದು ಪೌಡರ್ ಮತ್ತು ಬೆಣ್ಣೆಗೆ ಹೋಗುತ್ತಿತ್ತು, ಅದರಲ್ಲಿ ಲೀಟರಿಗೆ 6 ರೂಪಾಯಿ ನಷ್ಟ. ಹೋದ ವರ್ಷ ಪ್ಯಾಕೆಟ್ಟಿನಿಂದ ಬಂದ 18 ಲಕ್ಷದಲ್ಲಿ ಈ ನಷ್ಟದ 3 ಹೋಗಿ 15. ಈ ವರ್ಷ ಅದೇ 18ರಲ್ಲಿ 9 ಹೋಗಿ 9.

ಮರುವಾರ ಊರಿಗೆ ಹೋದಾಗ ಅಪ್ಪನಿಗೆ ಕೇಸ್ ಹೇಳಿದೆ. ಅವರು ಹಸುವಿಗೆ ಬೂಸಾ ಕಲಸುತ್ತಾ ಇದ್ದರು. "ಮಳೆ ಬಂದು ಹಸಿಮೇವು ಆದ್ರೆ ಹಾಲು ಜಾಸ್ತಿ ಆಯ್ತದೆ. ಕುಡಿಯೋರು ಜಾಸ್ತಿ ಆಯ್ತಾರಾ? ಪೌಡ್ರು ಮಾಡ್ತಾರೆ, ಅದ್ಕೆ ರೇಟಿಲ್ಲ" ಅಂದರು. ಇದು ನನಗೂ ಗೊತ್ತಿದ್ದ ವಿಷಯವೇ. ನಮ್ಮ ರಾಜ್ಯದಲ್ಲಿ 2013ರಲ್ಲಿ ಕ್ಷೀರಭಾಗ್ಯ ಶುರುವಾಗಿ ಶಾಲೆ ಮಕ್ಕಳಿಗೆ ಪೌಡರಿನಿಂದ ಹಾಲು ಮಾಡಿ ಕೊಟ್ಟಾಗ, ಮಕ್ಕಳ ಹೊಟ್ಟೆಯ ಜೊತೆಗೆ ಈ ಹೆಚ್ಚುವರಿ ಹಾಲಿಗೂ ಒಂದು ದಾರಿ ಆಯಿತು ಅಂತ ಸೊಸೈಟಿ ಕಟ್ಟೆ ಮೇಲೆ ಮಾತಾಡುತ್ತಿದ್ದರು. ನಾನು ಅಲ್ಲೇ ಕೂತಿದ್ದವನು. ಸಂದರ್ಶನದ ಕೋಣೆಗೆ ಹೋಗುವಾಗ ಅದನ್ನೆಲ್ಲ ಹೊರಗೆ ಬಿಟ್ಟು ಹೋಗಿದ್ದೆ. ಇವತ್ತಿಗೂ ನೋಯುವುದು ಅದೇ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಯಾವ ಫ್ರೇಮ್‌ವರ್ಕ್ ಅಂತ ಕೇಳಬೇಡಿ. ಮೈಕೆಲ್ ಪೋರ್ಟರ್ 1979ರಲ್ಲಿ ಬರೆದ, ಒಂದು ಉದ್ಯಮದ ಪೈಪೋಟಿ ಅಳೆಯುವ ಐದು ಶಕ್ತಿಗಳು, ಬಿಸಿಜಿ (ಬಾಸ್ಟನ್ ಕನ್ಸಲ್ಟಿಂಗ್ ಗ್ರೂಪ್) ಅವರ, ಬೆಳವಣಿಗೆ ಮತ್ತು ಮಾರುಕಟ್ಟೆ ಪಾಲು ನೋಡಿ ವ್ಯವಹಾರಗಳನ್ನು ವಿಂಗಡಿಸುವ ನಾಲ್ಕು ಮನೆಯ ಚೌಕ, ಎಲ್ಲ ಒಮ್ಮೆ ಓದಿ ಅರ್ಥ ಮಾಡಿಕೊಳ್ಳಿ, ಸಾಕು. ಬಾಯಿಪಾಠ ಮಾಡಿದ್ದು ಬಾಯಿಗೆ ಬಂದ ಕೂಡಲೇ ಕಿವಿ ಮುಚ್ಚಿಹೋಗುತ್ತೆ. ಕನ್ಸಲ್ಟಿಂಗ್ ಕಂಪನಿಗಳಲ್ಲಿ ಮ್ಯಾಕಿನ್ಸಿಯಲ್ಲಿ ಸಾಮಾನ್ಯವಾಗಿ ಸಂದರ್ಶಕರೇ ಒಂದೊಂದು ಪ್ರಶ್ನೆ ಕೊಟ್ಟು ಕೇಸ್ ನಡೆಸುತ್ತಾರೆ. ಬಿಸಿಜಿ, ಬೇನ್‌ಗಳಲ್ಲಿ ಹೆಚ್ಚಾಗಿ ನೀವೇ ನಡೆಸಬೇಕು, ಕೇಳಿದ್ದಕ್ಕಷ್ಟೇ ಉತ್ತರ ಸಿಗುತ್ತೆ. ಎರಡರಲ್ಲೂ ಎದುರಿನವರು ಬಳಸಿದ ಪದವನ್ನು ಹಾಗೇ ಹಿಡಿದುಕೊಳ್ಳಬೇಕು.

ಇಂಗ್ಲಿಷಿನ ಚಿಂತೆ ಬಿಡಿ. ಸಣ್ಣ ವಾಕ್ಯ, ನಿಧಾನ, ಅಷ್ಟೇ ಸಾಕು. ಎಡವುವುದು ಸಂಖ್ಯೆಯಲ್ಲಿ. ಅವರು ಮಿಲಿಯನ್, ಬಿಲಿಯನ್ ಅಂತಾರೆ, ನಮ್ಮ ತಲೆ ಲಕ್ಷ, ಕೋಟಿಯಲ್ಲಿ ಓಡುತ್ತೆ. ಒಂದು ಮಿಲಿಯನ್ ಅಂದರೆ 10 ಲಕ್ಷ, ಒಂದು ಬಿಲಿಯನ್ ಅಂದರೆ 100 ಕೋಟಿ, ಇದು ನಿದ್ದೆಯಲ್ಲೂ ಬರಬೇಕು. ಲೆಕ್ಕವನ್ನು ಮನಸ್ಸಲ್ಲಿ ಕನ್ನಡದಲ್ಲೇ ಮಾಡಿ. ನಾನು ಈಗಲೂ ಮಗ್ಗಿ ಹೇಳಿಕೊಳ್ಳುವುದು ಕನ್ನಡದಲ್ಲೇ, ಬಂದ ಉತ್ತರವನ್ನು ಮಾತ್ರ ಇಂಗ್ಲಿಷಲ್ಲಿ ಹೇಳುತ್ತೇನೆ.

ಎರಡು ವರ್ಷ ಬೇರೆ ಕಡೆ ಕೆಲಸ ಮಾಡಿ ಇನ್ನೊಂದು ದೊಡ್ಡ ಕಂಪನಿಗೆ ಅರ್ಜಿ ಹಾಕಿದೆ. ಆ ಸಲ ರಕ್ತಪರೀಕ್ಷೆ ಲ್ಯಾಬ್‌ಗಳ ಕೇಸ್ ಬಂತು. ಚೌಕ ಎಳೆಯುವ ಮೊದಲು ಕೇಳಿದೆ: "ಯಾವ ಲ್ಯಾಬ್ ಅಂತ ತೀರ್ಮಾನಿಸೋದು ರೋಗಿನಾ, ಡಾಕ್ಟ್ರಾ?" ಅಮ್ಮನನ್ನು ಹಾಸನಕ್ಕೆ ಕರೆದುಕೊಂಡು ಹೋದಾಗ ಕಂಡಿದ್ದ ವಿಷಯ ಅದು. ಆಮೇಲಿನ ಅರ್ಧ ಗಂಟೆ ಇಬ್ಬರೂ ಕೂತು ಮಾತಾಡಿದ ಹಾಗಿತ್ತು. ಮೂರು ಸಲ ವಾಕ್ಯ ತಪ್ಪಿ ಮತ್ತೆ ಹೇಳಿದೆ, ಅವರು ಕಾದರು. ಕೆಲಸ ಸಿಕ್ಕಿತು.

ಕೋಚಿಂಗಿಗೆ ದುಡ್ಡು ಹಾಕಬೇಡಿ. ಜೊತೆಗೆ ಅಭ್ಯಾಸ ಮಾಡೋಕೆ ಇಬ್ಬರು ಸ್ನೇಹಿತರನ್ನು ಹುಡುಕಿಕೊಳ್ಳಿ, ಅದರಲ್ಲಿ ಒಬ್ಬರಾದರೂ ನಿಮ್ಮ ಮಾತನ್ನು ಮಧ್ಯದಲ್ಲೇ ತಡೆದು ಪ್ರಶ್ನೆ ಕೇಳುವಂಥವರಾಗಿರಲಿ. ಶಿರಸಿಯಲ್ಲಿ ನಿಮ್ಮ ತಂದೆಯದು ಅಡಿಕೆ ವ್ಯಾಪಾರ ಅಂತ ಬರೆದಿದ್ದೀರಲ್ಲ, ಇವತ್ತು ರಾತ್ರಿ ಅವರಿಗೆ ಫೋನ್ ಮಾಡಿ. ಚಾಲಿ (ಒಣಗಿಸಿ ಸುಲಿದ ಬಿಳಿ ಅಡಿಕೆ) ರೇಟು ಏರುವಾಗ ರಾಶಿ (ಬೇಯಿಸಿ ಒಣಗಿಸಿದ ಕೆಂಪಡಿಕೆ) ರೇಟು ಕೆಲವೊಮ್ಮೆ ಯಾಕೆ ಕದಲುವುದಿಲ್ಲ, ಮಾಲು ಹಿಡಿದಿಟ್ಟರೆ ಯಾವ ಖರ್ಚು ಬೀಳುತ್ತೆ ಅಂತ ಕೇಳಿ. ಅವರು ಹೇಳಿದ್ದನ್ನು ಐದು ನಿಮಿಷ ಇಂಗ್ಲಿಷಲ್ಲಿ ಹೇಳಿ ರೆಕಾರ್ಡ್ ಮಾಡಿ ನನಗೆ ಕಳಿಸಿ. ಕೇಳಿ, ಎಲ್ಲಿ ತಡೆದು ಪ್ರಶ್ನೆ ಕೇಳುತ್ತಿದ್ದೆ ಅಂತ ಬರೆಯುತ್ತೇನೆ.