ಹನ್ನೆರಡು-ಹದಿಮೂರು ವರ್ಷದ ಮಕ್ಕಳಿಗೆ ಡಿಸೈನ್ ಮತ್ತು ಟೆಕ್ನಾಲಜಿ ಕಲಿಸಬೇಕು. ಮೊದಲು ತ್ರೀಡಿ ಪ್ರಿಂಟರ್ ತಗೊಳ್ಳಲಾ, ಲೇಸರ್ ಕಟ್ಟರ್ ತಗೊಳ್ಳಲಾ?

ಎರಡೂ ಬೇಡ. ಈಗಲೇ ಬೇಡ.

"ಮಕ್ಕಳ ಕೈಗೆ ಗರಗಸ ಕೊಟ್ಟರೆ ನೀಟಾಗಿ ಬರಲ್ಲ, ಪ್ರದರ್ಶನಕ್ಕೆ ಇಡೋಕೆ ಆಗಲ್ಲ" ಅಂತ ಬರೆದಿದ್ದೀರಲ್ಲ, ಆ ಸಾಲು ಓದಿ ನಕ್ಕುಬಿಟ್ಟೆ. ಪಾಠ ಶುರು ಮಾಡಿದ ಹೊಸದರಲ್ಲಿ ನನಗೂ ಇದೇ ಚಿಂತೆ ಇತ್ತು. ನಮ್ಮಲ್ಲಿ ಯಂತ್ರ ಇರಲಿಲ್ಲ, ಹಾಗಾಗಿ ಯಂತ್ರದ ಕೆಲಸವನ್ನು ನಾನೇ ಮಾಡಿದೆ.

ಮರದ ಒಂದು ಪುಟ್ಟ ದೀಪ ನಮ್ಮ ಪ್ರಾಜೆಕ್ಟ್. ನಾಲ್ಕು ಪಟ್ಟಿ, ಒಂದು ತಳ, ಒಳಗೆ ಎಲ್‌ಇಡಿ. ಮರ ಹಾಳಾಗುತ್ತೆ, ಪೀರಿಯಡ್ ಸಾಲಲ್ಲ ಅಂತ ಸಂಜೆ ಉಳಿದು ಎಲ್ಲರ ಪಟ್ಟಿಗಳನ್ನೂ ಅಳೆದು, ಕತ್ತರಿಸಿ, ತೂತು ಕೊರೆದು ಇಡುತ್ತಿದ್ದೆ. ಮಕ್ಕಳಿಗೆ ಉಳಿದದ್ದು ಅಂಟಿಸುವುದು ಮತ್ತು ಬಣ್ಣ ಬಳಿಯುವುದು. ದೀಪಗಳು ಎಷ್ಟು ಚೆಂದ ಬಂದವು ಅಂತೀರಿ! ನೋಡಿದವರೆಲ್ಲ ಹೊಗಳಿದರು. ನಾನೂ ಉಬ್ಬಿಹೋದೆ.

ಆಮೇಲೆ ಮುಚ್ಚಳ ಇರುವ ಪೆಟ್ಟಿಗೆ ಮಾಡಿ, ಡಿಸೈನ್ ನಿಮ್ಮದೇ ಅಂದೆ. ಮರ ಕೊಟ್ಟು ನಿಂತರೆ ಯಾರೂ ಕೈ ಹಾಕುತ್ತಿಲ್ಲ. ದೀಪಕ್ಕೆ ಜಾಸ್ತಿ ಮಾರ್ಕ್ಸ್ ತಗೊಂಡಿದ್ದ ಹುಡುಗಿಯೇ ಕೇಳಿದಳು, "ಮಿಸ್, ಯಾವ ಕಡೆಯಿಂದ ಅಳೀಬೇಕು?" ಆ ಪೆಟ್ಟಿಗೆಗಳಲ್ಲಿ ಮುಚ್ಚಳ ಕೂತದ್ದು ಬೆರಳೆಣಿಕೆಯಷ್ಟು ಮಾತ್ರ. ಅರ್ಧ ತರಗತಿ "ನಮಗೆ ಇದು ಬರಲ್ಲ" ಅಂತ ತೀರ್ಮಾನ ಮಾಡಿಕೊಂಡಿತು. ಆ ಮಾತನ್ನು ಅವರ ತಲೆಯಿಂದ ತೆಗೆಯೋಕೆ ಆ ವರ್ಷ ಪೂರ್ತಿ ಸಾಲಲಿಲ್ಲ.

ಇದನ್ನು ಸ್ವಲ್ಪ ಎಳೆದೇ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಕತ್ತರಿಸಿ ಕೊಟ್ಟಾಗ ಮಕ್ಕಳಿಗೆ ತಪ್ಪಿದ್ದು ಗರಗಸದ ಅಭ್ಯಾಸ ಅಂದುಕೊಂಡಿದ್ದೆ. ತಪ್ಪಿದ್ದು ಗುರುತು ಹಾಕುವ ಕೆಲಸ. ತಲೆ ಓಡಬೇಕಾದದ್ದೇ ಅಲ್ಲಿ. ಮರದ ತುಂಡಿನಲ್ಲಿ ನೇರವಾದ ಒಂದು ಅಂಚನ್ನು ಹುಡುಕಬೇಕು. ಪ್ರತಿ ಅಳತೆಯೂ ಅಲ್ಲಿಂದಲೇ ಹೊರಡಬೇಕು. ಮೂಲೆಮಟ್ಟವನ್ನು (ಅಂಚಿಗೆ ಲಂಬವಾಗಿ ಗೆರೆ ಎಳೆಯುವ L ಆಕಾರದ ಉಪಕರಣ) ಒಮ್ಮೆ ಈ ಅಂಚಿಗೆ, ಒಮ್ಮೆ ಆ ಅಂಚಿಗೆ ಇಟ್ಟು ಗೆರೆ ಎಳೆದರೆ, ಮರ ಸ್ವಲ್ಪ ಸೊಟ್ಟಗಿದ್ದರೂ ಸುತ್ತಿ ಬಂದ ಗೆರೆ ಶುರುವಾದ ಜಾಗಕ್ಕೆ ಸೇರುವುದಿಲ್ಲ. ಇದನ್ನು ಬೋರ್ಡ್ ಮೇಲೆ ಎಷ್ಟು ಬರೆದರೂ ಹತ್ತಲ್ಲ. ಸೇರದ ಗೆರೆಯನ್ನು ಮಗು ತಾನೇ ನೋಡಬೇಕು.

ಇನ್ನೊಂದು, ಗರಗಸಕ್ಕೂ ದಪ್ಪ ಇದೆ. 300 ಮಿಲಿಮೀಟರಿನ ಪಟ್ಟಿ ಕೊಡಿ, 100ರ ಮೂರು ತುಂಡು ಮಾಡಿ ಅನ್ನಿ. 100 ಅಳೆದು ಕತ್ತರಿಸುತ್ತಾರೆ, ಮತ್ತೆ 100 ಅಳೆದು ಕತ್ತರಿಸುತ್ತಾರೆ. ಕೊನೆಯ ತುಂಡು ಎರಡು ಮಿಲಿಮೀಟರಿನಷ್ಟು ಗಿಡ್ಡ! ಎಲ್ಲಿ ಹೋಯಿತು ಅಂತ ಹುಡುಕಾಟ. ನೆಲದ ಮೇಲಿನ ಮರದ ಪುಡಿ ತೋರಿಸಿ, ಸಾಕು. ಆಮೇಲೆ ಗೆರೆಯ ಯಾವ ಪಕ್ಕಕ್ಕೆ ಗರಗಸ ಇಡಬೇಕು ಅಂತ ನೀವು ಹೇಳುವುದೇ ಬೇಡ. ನನ್ನ ದೀಪದ ಪಟ್ಟಿಗಳಲ್ಲಿ ಈ ಲೆಕ್ಕವನ್ನೆಲ್ಲ ನಾನೇ ಮಾಡಿ ಮುಗಿಸಿದ್ದೆ.

ಫಿನ್ಲೆಂಡಿನಲ್ಲಿ ಉನೋ ಸಿಗ್ನೇಯಸ್ ಎಂಬ ಶಿಕ್ಷಣತಜ್ಞನ ಪ್ರಯತ್ನದಿಂದ 1866ರಲ್ಲೇ ಕೈಕೆಲಸ ಶಾಲೆಯ ಪಾಠವಾಯಿತು. ಸ್ವೀಡನ್ನಿನಲ್ಲಿ ಒಟ್ಟೋ ಸಾಲೊಮನ್ ಅದೇ ಪದ್ಧತಿಗೆ ಶಿಕ್ಷಕರನ್ನು ತಯಾರು ಮಾಡಿದ. ಸ್ಲಾಯ್ಡ್ ಅಂತಾರೆ ಅದಕ್ಕೆ. ಮಗು ಮಾಡುತ್ತಿರುವ ವಸ್ತುವಿಗೆ ಶಿಕ್ಷಕರು ಕೈ ಹಚ್ಚಬಾರದು ಅನ್ನುವುದು ಅಲ್ಲಿನ ನಿಯಮ. ಇದು ನನ್ನ ಕಣ್ಣಿಗೆ ಬೀಳುವಷ್ಟರಲ್ಲಿ ದೀಪಗಳೆಲ್ಲ ಮಕ್ಕಳ ಮನೆ ಸೇರಿದ್ದವು.

ಈಗ ನಿಮ್ಮ ಪ್ರಿಂಟರ್. ಕೈಯಲ್ಲಿ ಹಿಡಿಯುವಷ್ಟು ದೊಡ್ಡ ವಸ್ತು ಪ್ರಿಂಟ್ ಆಗೋಕೆ ಒಂದೂವರೆ ಗಂಟೆ ಹಿಡಿಯುತ್ತೆ ಅಂತಿಟ್ಟುಕೊಳ್ಳಿ. 30 ಮಕ್ಕಳಿಗೆ ಒಂದೇ ಯಂತ್ರ ಅಂದರೆ 45 ಗಂಟೆ. ಅಷ್ಟು ಹೊತ್ತು ಉಳಿದವರೇನು ಮಾಡುತ್ತಾರೆ? ಸುಮ್ನೆ ಯಾರೋ ಮಾಡಿಟ್ಟ ಫೈಲ್ ಇಳಿಸಿಕೊಂಡು ಪ್ರಿಂಟ್ ಕೊಡುತ್ತಾರೆ. ನಾನು ಸಂಜೆ ಕತ್ತರಿಸಿಡುತ್ತಿದ್ದ ಪಟ್ಟಿಗೂ ಅದಕ್ಕೂ ಏನು ವ್ಯತ್ಯಾಸ? ಮುರಿದ ಒಂದು ಭಾಗವನ್ನು ವರ್ನಿಯರ್‌ನಲ್ಲಿ (ಮಿಲಿಮೀಟರಿಗಿಂತ ಸಣ್ಣ ಅಳತೆಯನ್ನೂ ತೋರಿಸುವ ಉಪಕರಣ) ಅಳೆದು, ತಾವೇ ಕಂಪ್ಯೂಟರಿನಲ್ಲಿ ಚಿತ್ರ ಬರೆಯುವ ಹಂತಕ್ಕೆ ಮಕ್ಕಳು ಬಂದಾಗ ತನ್ನಿ, ಆಗ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಲೇಸರ್ ಕಟ್ಟರಿಗೂ ಇದೇ ಮಾತು.

ಆ ದುಡ್ಡಿನಲ್ಲಿ ಗರಗಸ, ಮೂಲೆಮಟ್ಟ, ಮರವನ್ನು ಮೇಜಿಗೆ ಬಿಗಿಹಿಡಿಯುವ ಬೆಂಚ್ ವೈಸ್ ತಗೊಳ್ಳಿ. ಮರ ಲೆಕ್ಕಕ್ಕಿಂತ ಅರ್ಧದಷ್ಟು ಜಾಸ್ತಿ ತರಿಸಿ, ಯಾಕಂದ್ರೆ ತಪ್ಪಾಗಿ ಕತ್ತರಿಸಿದ ಮಗುವಿಗೆ ಇನ್ನೊಂದು ತುಂಡು ಸಿಗಲೇಬೇಕು. ಮೊದಲು ರಟ್ಟಿನಲ್ಲಿ ಮಾಡಿಸಿ, ಅಲ್ಲಿ ತಪ್ಪು ಅಗ್ಗ. ಎಲ್‌ಇಡಿಗೂ ರೆಡಿ ಕಿಟ್ ಬೇಡ. 9 ವೋಲ್ಟಿನ ಬ್ಯಾಟರಿ, 2 ವೋಲ್ಟ್ ಬೇಕಾದ ಕೆಂಪು ಎಲ್‌ಇಡಿ, 20 ಮಿಲಿಆಂಪ್ ಕರೆಂಟ್. ಎಲ್‌ಇಡಿ ಸುಡದಂತೆ ಕರೆಂಟನ್ನು ತಡೆಯುವ ರೆಸಿಸ್ಟರ್ ಎಷ್ಟಿರಬೇಕು? 9ರಲ್ಲಿ 2 ಕಳೆದು ಉಳಿದ 7ನ್ನು 0.02 ಆಂಪ್‌ನಿಂದ ಭಾಗಿಸಿದರೆ 350 ಓಮ್. ಅದಕ್ಕಿಂತ ತುಸು ದೊಡ್ಡದಾದ, ಅಂಗಡಿಯಲ್ಲಿ ಸುಲಭವಾಗಿ ಸಿಗುವ 390 ಓಮ್‌ನದು ಸಾಕು. ಈ ಲೆಕ್ಕ ಈ ವಯಸ್ಸಿಗೆ ಕಷ್ಟ ಅಲ್ಲ.

ಗಾಯ ಆದರೆ ಅಂತೀರಾ? ಮರ ವೈಸ್‌ನಲ್ಲಿ ಬಿಗಿ ಇರಲಿ, ಕೂದಲು ಕಟ್ಟಿರಲಿ, ಕಣ್ಣಿಗೆ ಸುರಕ್ಷತಾ ಕನ್ನಡಕ ಇರಲಿ. ಗರಗಸ ಹರಿತವಾಗಿರಲಿ. ಮೊಂಡು ಗರಗಸವನ್ನು ಒತ್ತಿ ಎಳೆಯಬೇಕಾಗುತ್ತೆ, ಕೈ ಜಾರುವುದು ಆಗಲೇ. ಅರ್ಧ ತರಗತಿ ಕತ್ತರಿಸುವಾಗ ಇನ್ನರ್ಧ ಗುರುತು ಹಾಕಲಿ, ಆಗ ನಿಮ್ಮ ಕಣ್ಣು ಎಲ್ಲರ ಮೇಲೂ ಇರುತ್ತೆ. ಬೆಲ್ ಹೊಡೆಯುವ ಮೊದಲು ಉಪಕರಣ ಎಣಿಸಿಕೊಳ್ಳಿ.

ಪ್ರದರ್ಶನಕ್ಕೆ ಏನಿಡಲಿ ಅಂದರೆ, ಸೊಟ್ಟ ಪೆಟ್ಟಿಗೆಯನ್ನೇ ಇಡಿ. ಪಕ್ಕದಲ್ಲಿ ಹಾಳಾದ ತುಂಡುಗಳು, ಅದರ ಮೇಲೆ ಮಗುವಿನ ಅಕ್ಷರದಲ್ಲೇ ಎಲ್ಲಿ ತಪ್ಪಿತು ಅನ್ನೋ ಚೀಟಿ. ನೋಡಲು ಬಂದವರು ಮೂಗು ಮುರಿದರೆ ಅವರ ಕೈಗೂ ಒಂದು ಗರಗಸ ಕೊಡಿ.