ರಾಯಚೂರು–ಬಳ್ಳಾರಿ ಸೀಮೆಯ ಕೆಳಗಿನ ಶಿಲಾಗೋಳ (ಭೂಮಿಯ ಗಟ್ಟಿಯಾದ ಹೊರಪದರ) ಎಷ್ಟು ಬಲಿಷ್ಠವೆಂದು ಕೊರೆಯದೆಯೇ ಹೇಗೆ ಅಂದಾಜಿಸುತ್ತಾರೆ?

ಮೇಲಿನ ಭಾರಕ್ಕೆ ಅದು ಎಷ್ಟು ಬಾಗಿದೆ ಎಂಬುದನ್ನು ನೋಡಿ. ಸಂಡೂರಿನ ಸಾಲಿನಂತಹ ಕಿರಿದಾದ ಬೆಟ್ಟಗಳನ್ನು ಶಿಲಾಗೋಳ ತನ್ನ ಬಿಗುವಿನಿಂದಲೇ ಹೊರುತ್ತದೆ. ನೂರಾರು ಕಿಲೋಮೀಟರ್ ಹರವಿನ ಭಾರಕ್ಕಾದರೋ ಬಾಗುತ್ತದೆ, ತೊಗಟೆಯ ಬುಡ ಕೆಳಗಿನ ಹೆಚ್ಚು ಸಾಂದ್ರವಾದ ಮ್ಯಾಂಟಲ್‌ಗೆ ಇಳಿಯುತ್ತದೆ, ಬೂಗೆ ಗುರುತ್ವ (ಎತ್ತರದ ಪ್ರಭಾವವನ್ನೂ ಬೆಟ್ಟದ ಬಂಡೆಯ ಸೆಳೆತವನ್ನೂ ಕಳೆದು ಉಳಿದ ಗುರುತ್ವ) ತಗ್ಗುತ್ತದೆ. ಎತ್ತರವೂ ಬೂಗೆ ಗುರುತ್ವವೂ ಯಾವ ತರಂಗಾಂತರದಿಂದ (ಏರಿಳಿತದ ಹರವಿನಿಂದ) ಆಚೆಗೆ ಪರಸ್ಪರ ಹೊಂದಿಕೊಂಡು ಬದಲಾಗತೊಡಗುತ್ತವೆ ಎಂಬುದನ್ನು ಗುರುತಿಸಿದರೆ ಸ್ಥಿತಿಸ್ಥಾಪಕ ದಪ್ಪ, ಅಂದರೆ ಅಷ್ಟೇ ಬಾಗುವ ಸ್ಥಿತಿಸ್ಥಾಪಕ ಹಲಗೆಯ ದಪ್ಪ, ಸಿಗುತ್ತದೆ. ಬಾಗುವಿಕೆಗೆ ಒಡ್ಡುವ ಪ್ರತಿರೋಧ ಈ ದಪ್ಪದ ಘನಕ್ಕೆ ಅನುಪಾತದಲ್ಲಿರುವುದರಿಂದ, ದಪ್ಪ ಇಮ್ಮಡಿಯಾದರೆ ಪ್ರತಿರೋಧ 8 ಪಟ್ಟಾಗುತ್ತದೆ. ಇದು ಭೂಭೌತವಿಜ್ಞಾನಿ ಡೊನಾಲ್ಡ್ ಫೋರ್ಸಿತ್ 1985ರಲ್ಲಿ ಮುಂದಿಟ್ಟ ವಿಧಾನ.

ತೊಡಕಿರುವುದು ಈ ಸೀಮೆಯನ್ನೊಳಗೊಂಡ ಧಾರವಾಡ ಕ್ರೇಟಾನಿನಂತಹ (ಕ್ರೇಟಾನ್ ಎಂದರೆ ಖಂಡದ ಪುರಾತನ, ಸ್ಥಿರ ಭಾಗ) ಹಳೆಯ ನೆಲದಲ್ಲೇ. ಹಟ್ಟಿ–ಮಸ್ಕಿ ಪಟ್ಟಿಯ ರೂಪಾಂತರಗೊಂಡ ಬಸಾಲ್ಟ್ ಸುತ್ತಲಿನ ಗ್ರಾನೈಟ್, ನೈಸ್‌ಗಳಿಗಿಂತ ಸಾಂದ್ರವಾದ್ದರಿಂದ ಗುರುತ್ವ ಅಲ್ಲಿ ಏರುತ್ತದೆ. ನೆಲ ಮಾತ್ರ ಸವೆದು ಬಹುಮಟ್ಟಿಗೆ ಸಪಾಟಾಗಿದೆ. ಇಂಥ ಗುಪ್ತ ಭಾರಗಳು ಎರಡರ ನಡುವಿನ ಹೊಂದಾಣಿಕೆಯನ್ನು ಕೆಡಿಸಿ, ಶಿಲಾಗೋಳವನ್ನು ಇರುವುದಕ್ಕಿಂತ ಗಟ್ಟಿಯೆಂದು ತೋರಿಸಬಲ್ಲವು. ಭೂಭೌತವಿಜ್ಞಾನಿ ಡಾನ್ ಮೆಕೆಂಜಿ ಎತ್ತಿದ ಆಕ್ಷೇಪವೂ ಇದೇ: ಇಂಥಲ್ಲಿ ಬೂಗೆ ವಿಧಾನ ಕೊಡುವುದು ಗರಿಷ್ಠ ಮಿತಿಯನ್ನಷ್ಟೇ, ಫ್ರೀ-ಏರ್ ಗುರುತ್ವವನ್ನು (ಎತ್ತರದ ಪ್ರಭಾವವನ್ನಷ್ಟೇ ಕಳೆದು, ಬಂಡೆಯ ಸೆಳೆತವನ್ನು ಹಾಗೇ ಉಳಿಸಿಕೊಂಡದ್ದು) ಬಳಸಬೇಕು. ಅವರ ಲೆಕ್ಕದಲ್ಲಿ ಕ್ರೇಟಾನುಗಳ ಸ್ಥಿತಿಸ್ಥಾಪಕ ದಪ್ಪ ಸುಮಾರು 25 ಕಿಲೋಮೀಟರ್ ಮೀರದು. ಇತರರದು ಹಲವೆಡೆ 60 ದಾಟುತ್ತದೆ. ಸಪಾಟು ರಾಯಚೂರಿನ ಮಟ್ಟಿಗೆ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ ಎಂಬುದು ನನ್ನ ಅಭಿಪ್ರಾಯ.