ಟರ್ಬೊಗೆ ಬ್ಲಾಂಕೆಟ್ ಹಾಕುವ ಮುಂಚೆ ಇಷ್ಟು ನೋಡಿಕೊಳ್ಳಿ

ಹಳೆಯ ಡೀಸೆಲ್ ಟ್ರಕ್, ಲೋಡ್ ಹಾಕಿ ಏರು ಹತ್ತುವಾಗ ಕ್ಯಾಬಿನ್ ನೆಲ ಸುಡುತ್ತದೆ, ಟರ್ಬೊ (ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಹೆಚ್ಚು ಗಾಳಿ ತಳ್ಳುವ ಭಾಗ) ಪಕ್ಕದ ವೈರಿಂಗ್ ಕವಚ ಮುಟ್ಟಿದರೆ ಪುಡಿಯಾಗುತ್ತದೆ, ಹಾಗಾಗಿ ಮ್ಯಾನಿಫೋಲ್ಡ್‌ನಿಂದ (ಸಿಲಿಂಡರ್‌ಗಳ ಹೊಗೆ ಬಂದು ಸೇರುವ ಭಾಗ) ಸೈಲೆನ್ಸರ್‌ವರೆಗೆ ಎಲ್ಲಕ್ಕೂ ಬಿಸಿ ತಡೆಯುವ ಪಟ್ಟಿ ಸುತ್ತಿಬಿಡಲೇ ಅಂತ ಕೇಳಿದ್ದೀರಿ. ಎಲ್ಲಕ್ಕೂ ಬೇಡ. ಟರ್ಬೊದ ಬಿಸಿ ಕಡೆಗೆ ಬ್ಲಾಂಕೆಟ್ (ಬಿಸಿ ತಡೆಯುವ ನಾರಿನ ಹೊದಿಕೆ), ಅಲ್ಲಿಂದ ಇಳಿಯುವ ಪೈಪಿಗೆ ಪಟ್ಟಿ, ವೈರಿಂಗ್ ಮತ್ತು ನೆಲಕ್ಕೆ ಅಡ್ಡವಾಗಿ ತಗಡಿನ ಶೀಲ್ಡ್. ಮ್ಯಾನಿಫೋಲ್ಡ್ ಹಾಗೇ ಇರಲಿ.

ಆದರೆ ಸಾಮಾನು ತರುವ ಮುಂಚೆ ಒಂದು ವಿಷಯ. ಹೊದಿಕೆ ಹಾಕಿದರೆ ಬಿಸಿ ಹುಟ್ಟುವುದು ಕಡಿಮೆ ಆಗುವುದಿಲ್ಲ. ಬಾನೆಟ್ ಅಥವಾ ಕ್ಯಾಬಿನ್ ಕೆಳಗೆ ಚೆಲ್ಲುತ್ತಿದ್ದ ಬಿಸಿ ಪೈಪಿನ ಒಳಗೇ ಉಳಿದು ಹಿಂದಕ್ಕೆ ಹೋಗುತ್ತದೆ, ಅಷ್ಟೇ. ಹೊಗೆಯ ಬಿಸಿ ಉಳಿದಷ್ಟೂ ಟರ್ಬೈನ್‌ಗೆ (ಟರ್ಬೊದೊಳಗೆ ಹೊಗೆ ತಿರುಗಿಸುವ ಚಕ್ರ) ತಿರುಗುವ ಶಕ್ತಿ ಸಿಗುತ್ತದೆ, ಹಾಗಾಗಿ ಬೂಸ್ಟ್, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡ, ಸ್ವಲ್ಪ ಬೇಗ ಬರಬಹುದು. ಅದಕ್ಕಿಂತ ಜಾಸ್ತಿ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಎಂಜಿನ್ ಒಳಗೇ ಏನೋ ತೊಂದರೆ ಇದ್ದು ಹೊಗೆ ಅತಿಯಾಗಿ ಬಿಸಿಯಾಗುತ್ತಿದ್ದರೆ, ಬ್ಲಾಂಕೆಟ್ ಹಾಕಿದ ಮೇಲೂ ಅದು ಹಾಗೇ ಇರುತ್ತದೆ. ನಿಮಗೆ ಗೊತ್ತಾಗುವುದು ಮಾತ್ರ ತಡವಾಗುತ್ತದೆ.

ಡೀಸೆಲ್‌ನಲ್ಲಿ ಗಾಳಿ ಕಡಿಮೆ ಬಿದ್ದು ಇಂಧನ ಜಾಸ್ತಿಯಾದರೆ ಹೊಗೆಯ ಬಿಸಿ ಏರುತ್ತದೆ. ಆದ್ದರಿಂದ ಮೊದಲು ಏರ್ ಫಿಲ್ಟರ್ ನೋಡಿ. ಆಮೇಲೆ ಟರ್ಬೊದಿಂದ ಇಂಟರ್‌ಕೂಲರ್‌ಗೆ (ಟರ್ಬೊ ತಳ್ಳಿದ ಗಾಳಿ ತಣಿಸುವ ರೇಡಿಯೇಟರ್), ಅಲ್ಲಿಂದ ಎಂಜಿನ್‌ಗೆ ಹೋಗುವ ಹೋಸ್‌ಗಳು. ಕ್ಲಾಂಪ್ ಸುತ್ತ ಎಣ್ಣೆ ಜಿಡ್ಡು ಹೊಸದಾಗಿ ಕಂಡರೆ ಅಲ್ಲಿ ಬೂಸ್ಟ್ ಲೀಕ್ ಇರಬಹುದು. ಇಂಟರ್‌ಕೂಲರ್ ಮುಂದೆ ಧೂಳು, ಹೊಟ್ಟು ತುಂಬಿದ್ದರೆ ತೊಳೆಯಿರಿ. ಎಳೆಯುವಾಗ ಕಪ್ಪು ಹೊಗೆ ಬರುತ್ತಿದ್ದರೆ, ಅಥವಾ ಪಿಕಪ್ ಮೊದಲಿನಂತೆ ಇಲ್ಲದಿದ್ದರೆ, ಇಂಜೆಕ್ಟರ್ ಮತ್ತು ಇಂಧನ ಚಿಮ್ಮುವ ಟೈಮಿಂಗ್ ನೋಡಿಸುವವರೆಗೆ ಹೊದಿಕೆ ವಿಷಯ ಪಕ್ಕಕ್ಕಿಡಿ.

ಅಳೆಯದೆ ಇದೆಲ್ಲ ಸುಮ್ನೆ ಅಂದಾಜು. ಕೆ ಟೈಪ್ ಥರ್ಮೋಕಪಲ್ (ಹೆಚ್ಚು ಬಿಸಿ ಅಳೆಯುವ ತಂತಿಯ ಸೆನ್ಸರ್) ಇರುವ ಮೀಟರ್ ಒಂದನ್ನು ಟರ್ಬೊಗೆ ಮುಂಚೆ, ಮ್ಯಾನಿಫೋಲ್ಡ್‌ನಲ್ಲಿ ಕೂರಿಸಿ. ತೂತು ಕೊರೆಯುವಾಗ ಟರ್ಬೊ ಬಿಚ್ಚಿಟ್ಟಿರಬೇಕು, ಲೋಹದ ಒಂದು ಚೂರು ಒಳಗೆ ಹೋದರೂ ಟರ್ಬೈನ್ ರೆಕ್ಕೆ ಹಾಳಾಗುತ್ತದೆ. ಸಮತಟ್ಟಾದ ರಸ್ತೆಯಲ್ಲಿ ಆರಾಮಾಗಿ ಹೋಗುವಾಗ 300ರಿಂದ 450 ಡಿಗ್ರಿ ಸೆಲ್ಸಿಯಸ್, ಏರಿನಲ್ಲಿ ಎಳೆಯುವಾಗ 600 ದಾಟುವುದು, ಇವೆಲ್ಲ ಮಾಮೂಲು. 700ರ ಹತ್ತಿರ ಬಹಳ ಹೊತ್ತು ನಿಂತರೆ ಮಾತ್ರ ಗೇರ್ ಇಳಿಸಿ, ಕಾಲು ಸಡಿಲಿಸಿ. ಅಲ್ಯೂಮಿನಿಯಂ ಕರಗುವುದು 660ಕ್ಕೆ, ಪಿಸ್ಟನ್ ಅದರ ಮಿಶ್ರಲೋಹದ್ದೇ ಅಲ್ವಾ. ಕೆಳಗಿನಿಂದ ಎಣ್ಣೆ ತಂಪು ಮಾಡುತ್ತಿರುವುದರಿಂದ ಅದು ಬದುಕಿಕೊಳ್ಳುತ್ತದೆ. ಟರ್ಬೊ ನಂತರದ ಪೈಪಿನಲ್ಲಿ ಅಳೆದರೆ ಲೋಡ್ ಮೇಲೆ ನೂರಕ್ಕೂ ಹೆಚ್ಚು ಡಿಗ್ರಿ ಕಡಿಮೆ ತೋರಿಸುತ್ತದೆ, ಆ ಸಂಖ್ಯೆ ನೋಡಿ ನೆಮ್ಮದಿಯಾಗಬೇಡಿ.

ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಗನ್‌ನಿಂದ ಹೊರಮೈ ಅಳೆಯಬಹುದು, ಆದರೆ ಹೊಳೆಯುವ ಸ್ಟೇನ್‌ಲೆಸ್ ಮೇಲೆ ಅದು ತುಂಬಾ ಕಡಿಮೆ ತೋರಿಸುತ್ತದೆ. ಬಿಸಿ ತಡೆಯುವ ಕಪ್ಪು ಮ್ಯಾಟ್ ಪೇಂಟ್ ಒಂದು ಚುಕ್ಕೆ ಬಳಿದು ಅಲ್ಲೇ ಗುರಿ ಇಡಿ. ಹಾಕುವ ಮುಂಚೆ ಒಮ್ಮೆ, ಹಾಕಿದ ಮೇಲೆ ಒಮ್ಮೆ, ಅದೇ ಏರು, ಅದೇ ಲೋಡ್. ಬಿಸಿ ಪೈಪಿಗಿಂತ ವೈರಿಂಗ್ ಕವಚದ್ದೇ ಅಳೆಯಿರಿ. ನಿಮ್ಮ ತೊಂದರೆ ಇರುವುದು ಅಲ್ಲಿ ತಾನೇ.

ಮೊದಲು ಶೀಲ್ಡ್. ತುಂಬಾ ಜನ ಇದನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ಆದರೆ ಅಗ್ಗ, ಬಿಚ್ಚಿ ಹಾಕಬಹುದು, ಯಾವುದನ್ನೂ ಹಾಳು ಮಾಡುವುದಿಲ್ಲ. ಕೆಂಪಗೆ ಕಾದ ಲೋಹ ಪಕ್ಕದ ವಸ್ತುವನ್ನು ಸುಡುವುದು ಹೆಚ್ಚಾಗಿ ವಿಕಿರಣದಿಂದ. ಅದು ಕೆಲ್ವಿನ್‌ನಲ್ಲಿ ಅಳೆದ ಉಷ್ಣತೆಯ ನಾಲ್ಕನೇ ಘಾತದಂತೆ ಏರುತ್ತದೆ. 600 ಡಿಗ್ರಿಯ ಮೈ ಬದಲು 300 ಡಿಗ್ರಿಯ ಮೈ ಎದುರಿಗಿದ್ದರೆ ಹೊಮ್ಮುವ ವಿಕಿರಣ ಐದರಲ್ಲಿ ಒಂದು ಭಾಗಕ್ಕೆ ಇಳಿಯುತ್ತದೆ. ನಡುವೆ ಒಂದು ತೆಳು ಸ್ಟೇನ್‌ಲೆಸ್ ತಗಡು ನಿಂತರೂ ಅಷ್ಟು ವ್ಯತ್ಯಾಸ ಬರುವುದು ಇದೇ ಕಾರಣಕ್ಕೆ. ತಗಡು ಪೈಪಿಗೆ ತಾಗಬಾರದು. 10ರಿಂದ 25 ಮಿಲಿಮೀಟರ್ ಜಾಗ ಬಿಡಿ, ಮೇಲೆ ಕೆಳಗೆ ತೆರೆದಿಡಿ, ಬಿಸಿ ಗಾಳಿ ಏರಿ ಹೋಗಲಿ. ಪೂರ್ತಿ ಡಬ್ಬಿ ಮಾಡಿ ಮುಚ್ಚಿದರೆ ಪ್ರಯೋಜನವಿಲ್ಲ. ಹಿಡಿಸುವ ಬ್ರಾಕೆಟ್ ಆದಷ್ಟು ಕಿರಿದಾಗಿರಲಿ, ಬಿಸಿ ಅದರ ಮೂಲಕವೂ ಹರಿಯುತ್ತದೆ. ಇನ್ನು ಚಿನ್ನದ ಬಣ್ಣದ ಅಂಟು ಟೇಪ್ ಪೈಪಿಗೆ ಸುತ್ತುವುದಕ್ಕಲ್ಲ. ಅದು ತಣ್ಣಗಿನ ಕಡೆಯ ಸಾಮಾನಿಗೆ, ಅಂದರೆ ಏರ್ ಪೈಪ್, ವೈರಿಂಗ್ ಇಂಥವಕ್ಕೆ. ಡೀಸೆಲ್ ಮತ್ತು ಎಣ್ಣೆ ಹೋಸ್‌ಗಳಿಗೆ ಸಿಲಿಕೋನ್ ಲೇಪದ ಗಾಜಿನ ನಾರಿನ ತೋಳು ಸಿಗುತ್ತದೆ, 260 ಡಿಗ್ರಿವರೆಗೆ ಸತತವಾಗಿ ತಡೆಯುತ್ತದೆ.

ಬ್ಲಾಂಕೆಟ್ ಟರ್ಬೊದ ಎರಕದ ಕಬ್ಬಿಣದ ಟರ್ಬೈನ್ ಹೌಸಿಂಗ್‌ಗೆ ಮಾತ್ರ. ನಡುವಿನ ಬೇರಿಂಗ್ ಭಾಗ ಮುಚ್ಚಬಾರದು, ಗಾಳಿ ತಳ್ಳುವ ಅಲ್ಯೂಮಿನಿಯಂ ಕಂಪ್ರೆಸರ್ ಕಡೆಯಂತೂ ಬೇಡವೇ ಬೇಡ. ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಹೊಗೆಯನ್ನು ಪಕ್ಕದಿಂದ ಬಿಡುವ ಬಾಗಿಲು) ಆಕ್ಚುಯೇಟರ್ ಮತ್ತು ಅದರ ಸರಳು ತೆರೆದೇ ಇರಲಿ. ನಿಮ್ಮ ಟರ್ಬೊದ ಅಳತೆಗೇ ಹೊಲಿದದ್ದು ತಗೊಳ್ಳಿ, ಸಡಿಲವಾದದ್ದು ಅಲುಗಾಡಿ ಹರಿದುಹೋಗುತ್ತದೆ. ಕಟ್ಟಲು ಸ್ಟೇನ್‌ಲೆಸ್ ತಂತಿ.

ಬ್ಲಾಂಕೆಟ್ ಹಾಕಿದ ಮೇಲೆ ಒಂದು ಅಭ್ಯಾಸ ಬದಲಾಗಬೇಕು. ಎಂಜಿನ್ ನಿಲ್ಲಿಸಿದ ಕೂಡಲೇ ಎಣ್ಣೆ ಹರಿಯುವುದು ನಿಲ್ಲುತ್ತದೆ, ಆದರೆ ಹೊದ್ದುಕೊಂಡ ಹೌಸಿಂಗ್ ತಣಿಯುವುದು ಮೊದಲಿಗಿಂತ ನಿಧಾನ. ಆ ಬಿಸಿ ಶಾಫ್ಟ್ ಹಿಡಿದು ಬೇರಿಂಗ್‌ಗೆ ಬರುತ್ತದೆ, ಅಲ್ಲಿ ನಿಂತ ಎಣ್ಣೆ ಸುಟ್ಟು ಕಪ್ಪು ಗಟ್ಟಿಯಾಗುತ್ತದೆ. ಹಾಗಾಗಿ ಎಳೆದು ಬಂದ ಮೇಲೆ ಎರಡು ಮೂರು ನಿಮಿಷ ಐಡಲ್‌ನಲ್ಲಿ ಬಿಟ್ಟು, ಮೀಟರ್ 200ರ ಹತ್ತಿರ ಇಳಿದ ಮೇಲೆ ಆಫ್ ಮಾಡಿ.

ಪಟ್ಟಿ ಕೊಳ್ಳುವಾಗ ಬಣ್ಣ ನೋಡಬೇಡಿ, ನಾರು ಯಾವುದು ಅಂತ ಕೇಳಿ. ಮಾಮೂಲು ಗಾಜಿನ ನಾರು ಸತತವಾಗಿ 500ರ ಆಸುಪಾಸು ತಡೆಯುತ್ತದೆ, ಬಸಾಲ್ಟ್ ಇನ್ನೂ ಸ್ವಲ್ಪ ಮೇಲೆ, ಸಿಲಿಕಾ ಬಟ್ಟೆ ಸುಮಾರು 1000ದವರೆಗೆ. ಟರ್ಬೊ ಬಾಯಿಂದ ಇಳಿಯುವ ಪೈಪಿಗೆ ಗಾಜಿನದು ಸಾಲುವುದಿಲ್ಲ. ಸೆರಾಮಿಕ್ ಉಣ್ಣೆ 1260 ಡಿಗ್ರಿ ದರ್ಜೆಯದು ಸಿಗುತ್ತದೆ, ಆದರೆ ಅದರ ನಾರು ಕ್ಯಾನ್ಸರ್ ತರಬಹುದಾದವುಗಳ ಪಟ್ಟಿಯಲ್ಲಿದೆ. ಬಿಡಿಯಾಗಿ ತಂದು ಕೈಯಲ್ಲಿ ಹರಿದು ತುರುಕುವ ಕೆಲಸ ಬೇಡ. ಯಾವ ನಾರೇ ಆದರೂ ಮಾಸ್ಕ್, ಗ್ಲೌಸ್, ತುಂಬು ತೋಳಿನ ಅಂಗಿ ಹಾಕಿಕೊಳ್ಳಿ.

ನಿಂತ ಪೈಪಿಗೆ ಕೆಳಗಿನಿಂದ ಮೇಲಕ್ಕೆ ಸುತ್ತಿ, ಹೆಂಚಿನ ಹಾಗೆ ಮೇಲಿನ ಸುತ್ತು ಕೆಳಗಿನದರ ಮೇಲೆ ಕೂತರೆ ನೀರು ಒಳಗೆ ಇಳಿಯುವುದಿಲ್ಲ. ಸುತ್ತಿನಿಂದ ಸುತ್ತಿಗೆ 6 ಮಿಲಿಮೀಟರ್ ಮೇಲೆ ಬರಲಿ. ಎರಡು ಪದರ ಬೇಡ. ಬೆಲ್ಲೋಸ್ (ಪೈಪಿನ ಬಾಗುವ ಸುಕ್ಕುಭಾಗ) ಇರುವ ಜಾಗ, ಪೈಪ್ ಜೋಡಿಸುವ ವಿ ಬ್ಯಾಂಡ್ ಕ್ಲಾಂಪ್, ಸೆನ್ಸರ್ ಇವೆಲ್ಲ ಬಿಟ್ಟು ಸುತ್ತಿ. ಪೈಪ್ ಮಾಮೂಲು ಉಕ್ಕಿನದಾದರೆ ಪಟ್ಟಿಯೊಳಗೆ ತೇವ ನಿಂತು ತುಕ್ಕು ಹಿಡಿಯುತ್ತದೆ, ಮಳೆಗಾಲದಲ್ಲಿ ಟ್ರಕ್ ನಿಂತೇ ಇದ್ದರೆ ಇನ್ನೂ ಬೇಗ. ಮೊದಲ ಸಲ ಕಾದಾಗ ಹೊಗೆ ವಾಸನೆ ಬರುವುದು ಅಂಟು ಸುಡುವುದರಿಂದ, ಬಯಲಲ್ಲಿ ನಿಲ್ಲಿಸಿ ಕಾಯಿಸಿ.

ಮ್ಯಾನಿಫೋಲ್ಡ್ ಯಾಕೆ ಬೇಡ ಅಂದರೆ, ಅದು ಎರಕದ ಕಬ್ಬಿಣ. ಹೊರಗೆ ಬಿಸಿ ಬಿಡಲು ದಾರಿ ಇಲ್ಲದಿದ್ದರೆ ಲೋಹ ಇನ್ನೂ ಕಾದು, ಮತ್ತೆ ತಣಿದು, ಬಿರುಕು ಬಿಡುತ್ತದೆ. ಸ್ಟಡ್ ಸಡಿಲವಾದರೆ, ಗ್ಯಾಸ್ಕೆಟ್ ಪಕ್ಕ ಮಸಿ ಕಂಡರೆ, ಪಟ್ಟಿಯ ಅಡಿಯಲ್ಲಿ ಅದು ಕಾಣುವುದೇ ಇಲ್ಲ.

ಬೆಂಕಿಯ ವಿಷಯ ಹಗುರಾಗಿ ತಗೊಳ್ಳಬೇಡಿ. ಡೀಸೆಲ್ ಕಿಡಿ ಇಲ್ಲದೆಯೇ ಹೊತ್ತಿಕೊಳ್ಳಲು 210 ಡಿಗ್ರಿ ಆಸುಪಾಸು ಸಾಕು. ಹಡಗುಗಳ ಅಂತರರಾಷ್ಟ್ರೀಯ ಸುರಕ್ಷತಾ ನಿಯಮ ಸೋಲಾಸ್‌ನಲ್ಲಿ, ಇಂಧನ ಸೋರಿದರೆ ತಾಗಬಹುದಾದ ಜಾಗ 220 ಡಿಗ್ರಿಗಿಂತ ಬಿಸಿಯಾಗುವಂತಿದ್ದರೆ ಹೊದಿಕೆ ಕಡ್ಡಾಯ. ಅಲ್ಲಿ ಹೊದಿಕೆ ಬೆಂಕಿ ತಡೆಯುತ್ತದೆ. ಆದರೆ ಟ್ರಕ್‌ನಲ್ಲಿ ಟರ್ಬೊದ ಎಣ್ಣೆ ಪೈಪ್ ಒಸರುತ್ತಿದ್ದರೆ, ಅದೇ ಹೊದಿಕೆ ಎಣ್ಣೆ ಹೀರಿಕೊಂಡು ಬತ್ತಿಯಾಗುತ್ತದೆ. ಎಣ್ಣೆ ಕುಡಿದ ಪಟ್ಟಿಯನ್ನು ತೊಳೆದು ಮತ್ತೆ ಹಾಕಬೇಡಿ, ಬಿಸಾಡಿ. ಕ್ಯಾಬಿನ್‌ನಲ್ಲಿ ಪೌಡರ್ ಫೈರ್ ಎಕ್ಸ್‌ಟಿಂಗ್ವಿಷರ್ ಇರಲಿ, ಪ್ರತಿ ಸರ್ವಿಸ್‌ನಲ್ಲೂ ಹೊದಿಕೆ ಬಿಚ್ಚಿ ನೋಡಿ.

ಡಿಪಿಎಫ್ (ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್) ಇರುವ ಹೊಸ ಟ್ರಕ್‌ನವರು ಕಂಪನಿ ಹಾಕಿದ ಶೀಲ್ಡ್‌ಗಳನ್ನು ಬಿಚ್ಚದಿದ್ದರೆ ಸಾಕು. ಮಸಿ ಸುಡುವಾಗ ಅಲ್ಲಿ 600 ಡಿಗ್ರಿ ಆಸುಪಾಸು ಇರುತ್ತದೆ, ಹೆಚ್ಚುವರಿ ಹೊದಿಕೆ ಸೆನ್ಸರ್‌ಗಳನ್ನೇ ಕೆಡಿಸಬಹುದು.

ಟರ್ಬೊ ಸುತ್ತಲಿನ ಒಂದೆರಡು ಫೋಟೊ ಹಾಕಿ. ಎಣ್ಣೆ ಬರುವ ಪೈಪ್, ಇಳಿಯುವ ಪೈಪ್ ಎರಡೂ ಕಾಣುವ ಹಾಗೆ ತೆಗೆಯಿರಿ. ಶೀಲ್ಡ್ ಎಲ್ಲಿ ಹಿಡಿಸಬಹುದು ಅಂತ ನೋಡಿ ಹೇಳುತ್ತೇನೆ.